ಗುರುವಾರದ ಮಣಿಕಟ್ಟು

ಲಿಂಕನ್ ಊರಿನ ಸರ್ಕಾರಿ ಕಟ್ಟಡದ ನಾಲ್ಕನೇ ಮಹಡಿಯಲ್ಲಿ
ಲುಡ್ಮಿಲಾ ವಾನೆಕ್ ನೋವಿಗೆ ಅಂಕಿ ಕೊಡುತ್ತಾಳೆ.
ಅಂಗಕ್ಕೊಂದು, ಗಾಯಕ್ಕೊಂದು, ಆದ ಬಗೆಗೊಂದು.
ದಿನಕ್ಕೆ ಎಪ್ಪತ್ತು ಅರ್ಜಿ.
ಜಾರಿದವರು, ಸುಟ್ಟುಕೊಂಡವರು,
ಏಣಿಗೆ ಇನ್ನೊಂದು ಮೆಟ್ಟಿಲಿದೆ ಎಂದುಕೊಂಡವರು.

ಒಬ್ಬ ಬರೆದಿದ್ದ:
ಅರ್ಧ ಹಂದಿ ಕೊಕ್ಕೆಯಿಂದ ಕಳಚಿ
ನನ್ನ ಭುಜದ ಮೇಲೆ ಬಂದು ಕೂತಿತು.
ಕೂತಿತು ಅನ್ನುವುದಕ್ಕೆ ಅಂಕಿಯಿಲ್ಲ.
ಬೀಳುವ ವಸ್ತು ತಗುಲಿ, ಎಂದು ಹಾಕಿದಳು.
ಆದರೂ ಆ ಕ್ರಿಯಾಪದ
ಮಧ್ಯಾಹ್ನದ ಊಟದವರೆಗೂ ಅವಳ ಭುಜ ಬಿಟ್ಟು ಏಳಲಿಲ್ಲ.

ಇವೆಲ್ಲ ದುಡ್ಡು ಕೊಡಲೋ ಬೇಡವೋ ಎಂದು
ತೀರ್ಮಾನಿಸಲು ಹುಟ್ಟಿದ ಕಾಗದ.
ಅದನ್ನೇ ಮಗುಚಿ ಹಾಕಿ
ನಾಡಿನ ಮೈ ಎಲ್ಲಿ ನೋಯುತ್ತಿದೆ ಎಂದು ನೋಡುವುದು,
ಕಿರಾಣಿ ಚೀಟಿ ಓದಿ
ಮನೆಯೊಳಗಿನ ಜಗಳ ಊಹಿಸಿದ ಹಾಗೆ.

ಎರಡು ಚಳಿಗಾಲದ ಹಿಂದೆ
ಪ್ಲಾಟ್ ನದಿಯ ದಂಡೆಯ ಮಾಂಸದ ಕಾರ್ಖಾನೆಯಿಂದ
ಹನ್ನೊಂದು ಮಣಿಕಟ್ಟು ಬಂದವು,
ಎಲ್ಲವೂ ಮೂಳೆ ಬಿಡಿಸುವ ಸಾಲಿನವು.
ವಯಸ್ಸಿನಂತೆ ಜೋಡಿಸಿದಳು, ಪಾಳಿಯಂತೆ ಜೋಡಿಸಿದಳು,
ಏನೂ ಹೊಳೆಯಲಿಲ್ಲ.
ವಾರದಂತೆ ಜೋಡಿಸಿದಾಗ
ಒಂಬತ್ತು ಗುರುವಾರದ ಮೇಲೆ ಹೋಗಿ ನಿಂತವು.

ಗುರುವಾರಕ್ಕೇನು ಶಾಪವೇ, ಎಂದು ನಕ್ಕ
ಮೇಲಧಿಕಾರಿ ಹಾರ್ಲನ್ ಟ್ರೂಆಕ್ಸ್.
ಅವಳು ಫೋನು ಎತ್ತಿದಳು.
ಯೂಫೆಮಿಯಾ ತ್ಸೋಕ್, ಗ್ವಾಟೆಮಾಲಾದ ಬೆಟ್ಟದವಳು,
ನಡುವೆ ದುಭಾಷಿಯ ಕೆಮ್ಮು.
ಬುಧವಾರ ಚಾಕು ಮಸೆಯುವ ಮುದುಕನಿಗೆ ರಜೆ, ಎಂದಳು.
ಗುರುವಾರ ಮೊಂಡು ಚಾಕು.
ಮೊಂಡು ಚಾಕು ಮಾಂಸವನ್ನು ಕೇಳುವುದಿಲ್ಲಮ್ಮ,
ಕೈಯನ್ನು ಕೇಳುತ್ತದೆ.

ಮಸೆಯಲು ಇನ್ನೊಬ್ಬ ಬಂದ, ಅಬ್ಶೀರ್ ವಾರ್ಫಾ ಅಂತ.
ಬೇಸಿಗೆಯ ಹೊತ್ತಿಗೆ ಗುರುವಾರವೂ
ಮಂಗಳವಾರದಷ್ಟೇ ಸಾಧಾರಣವಾಯಿತು.
ಪರದೆಯ ಮೇಲೆ ಕುಗ್ಗಿದ ಒಂದು ನೀಲಿ ಕಂಬ.
ಅವಳ ಜೀವಮಾನದ ಹಬ್ಬ ಅಷ್ಟೇ,
ಯಾರಿಗೂ ಹೇಳಿಕೊಳ್ಳಲಾರದ್ದು.

ಈ ವಸಂತದಲ್ಲಿ ಅದೇ ಕಾರ್ಖಾನೆ:
ಮಾರ್ಚಿಗೆ ಸೊನ್ನೆ. ಏಪ್ರಿಲಿಗೆ ಸೊನ್ನೆ. ಮೇ, ಸೊನ್ನೆ.
ಹಾರ್ಲನ್ ಕೇಕು ತಂದ.
ಅವಳು ಕೇಕು ತಿಂದಳು, ಸೊನ್ನೆ ನುಂಗಲಾಗಲಿಲ್ಲ.
ಎಂಟುನೂರು ಜನ, ಹದಿನಾರುನೂರು ಕೈ,
ಒಂದಕ್ಕೂ ಒಂದು ಗೀರಿಲ್ಲವೇ?

ಮತ್ತೆ ಅದೇ ನಂಬರು. ಈ ಸಲ ದುಭಾಷಿ ಬೇರೆ.
ತಿಂಗಳಿಡೀ ಗಾಯ ಇಲ್ಲದಿದ್ದರೆ
ಇಡೀ ಪಾಳಿಗೆ ಪಿಜ್ಜಾ, ಒಬ್ಬರಿಗೆ ಚೀಟಿ ಎತ್ತಿ ಟೀವಿ, ಎಂದಳು ಯೂಫೆಮಿಯಾ.
ಮೊದಲು ಅರ್ಜಿ ಹಾಕಿದವರು
ನಲವತ್ತು ಜನರ ತಟ್ಟೆ ಕಸಿದ ಹಾಗೆ.
ಹಾಗಾದರೆ ನಿಮ್ಮ ಕೈ?
ಸ್ವಲ್ಪ ಹೊತ್ತು ತಂತಿಯಲ್ಲಿ ಗಾಳಿ.
ಇದೆ. ರಾತ್ರಿ ಎದ್ದು ಕೂರುತ್ತದೆ.
ನನ್ನನ್ನೂ ಎಬ್ಬಿಸುತ್ತದೆ.

ನಮ್ಮ ಭಾಷೆಯಲ್ಲಿ ಕೈಫಿಯತ್ತು ಅಂತ ಒಂದು ಮಾತಿದೆ ಲುಡ್ಮಿಲಾ,
ಎಲ್ಲಿಂದಲೋ ಬಂದು ನಮ್ಮದಾದದ್ದು.
ಅದರ ಬಾಯಲ್ಲೇ ಕೈ ಇದೆ.
ಕೈ ಹೇಳದೆ ಹೋದರೆ ಉಳಿಯುವುದು ಫಿಯತ್ತು,
ಅದಕ್ಕೆ ಅರ್ಥವಿಲ್ಲ.

ವರದಿಯ ಕೊನೆಯ ಪುಟದ ಅಡಿಯಲ್ಲಿ, ಸಣ್ಣಕ್ಷರದಲ್ಲಿ,
ಇಳಿದದ್ದು ಗಾಯವೋ ಅರ್ಜಿಯೋ
ಈ ಅಂಕಿಗಳಿಂದ ತಿಳಿಯದು, ಎಂದು ಬರೆದಳು.
ಹಾರ್ಲನ್ ಹೊಡೆದುಹಾಕಿದ.
ಮತ್ತೆ ಬರೆದಳು. ಮತ್ತೆ ಹೊಡೆದುಹಾಕಿದ.
ಮೂರನೇ ಸಲ ಟೈಪು ಮಾಡುವಾಗ
ಬಲಗೈಯ ಕಂದು ಪಟ್ಟಿಯನ್ನು ಹಲ್ಲಿನಿಂದ ಎಳೆದು ಬಿಗಿ ಮಾಡಿಕೊಂಡಳು.

ಕೆಳಗಿನ ಖಾನೆಯಲ್ಲಿ, ಸ್ಟೇಪ್ಲರಿನ ಅಡಿ,
ಅವಳದ್ದೇ ಒಂದು ಅರ್ಜಿ ಇದೆ, ಹೋದ ವರ್ಷದ್ದು.
ಹೆಸರು ಬರೆದಿದೆ. ಹುಟ್ಟಿದ ದಿನ ಬರೆದಿದೆ.
ನೊಂದ ಅಂಗ, ಎಂಬಲ್ಲಿ ನಿಂತಿದೆ.
ಅದರ ಅಂಕಿ ಅವಳಿಗೆ ಬಾಯಿಪಾಠ.